ಸ್ಕೋಲಿಯೋಸಿಸ್: ಕವಚ, ವ್ಯಾಯಾಮ ಮತ್ತು ಹರೆಯದವರ ನಡಿಗೆ

ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೆ ತುಸು ತಿರುಚಿಕೊಳ್ಳುವ ಸ್ಥಿತಿಗೆ ಸ್ಕೋಲಿಯೋಸಿಸ್ ಎಂದು ಹೆಸರು. ಎಕ್ಸ್‌ರೇಯಲ್ಲಿ ಬಾಗು 10 ಡಿಗ್ರಿಯಾದರೂ ಇದ್ದರೆ ಹಾಗೆ ಗುರುತಿಸುತ್ತಾರೆ. ಹರೆಯದ ನೂರು ಮಕ್ಕಳಲ್ಲಿ ಎರಡು-ಮೂರು ಮಂದಿಗೆ ಇದು ಇರುತ್ತದೆ. ಹೆಚ್ಚಿನವರಲ್ಲಿ ಖಚಿತ ಕಾರಣ ಸಿಗುವುದಿಲ್ಲ. ಬಾಗು ಬೆಳೆಯುತ್ತ ಹೋಗುವ ಅಪಾಯ ಹುಡುಗಿಯರಲ್ಲಿ ಬಹಳ ಹೆಚ್ಚು. ಶಾಲೆಯ ಚೀಲದ ಭಾರದಿಂದಾಗಲಿ, ಸೊಟ್ಟಗೆ ಕೂರುವುದರಿಂದಾಗಲಿ ಇದು ಬರುವುದಿಲ್ಲ. ಮಗಳ ಬೆನ್ನು ಓರೆಯಾದದ್ದಕ್ಕೆ ತಮ್ಮನ್ನೇ ದೂರಿಕೊಳ್ಳುವ ತಾಯಂದಿರಿಗೆ ಈ ಮಾತನ್ನು ಮೊದಲು ಹೇಳಬೇಕು.

ಬೆನ್ನನ್ನು ಎಳೆದು ನೆಟ್ಟಗೆ ಮಾಡುವ ಕಲ್ಪನೆ ನಮ್ಮಲ್ಲಿ ಹಳೆಯದು. ಭಾಗವತದ ತ್ರಿವಕ್ರೆ ಮೂರು ಕಡೆ ಡೊಂಕಾದವಳು. ಕೃಷ್ಣ ಅವಳ ಪಾದಗಳನ್ನು ತನ್ನ ಪಾದದಿಂದ ಒತ್ತಿ ಹಿಡಿದು, ಎರಡು ಬೆರಳಿಂದ ಗದ್ದ ಎತ್ತಿ ಮೈ ನೆಟ್ಟಗಾಗಿಸುತ್ತಾನೆ. ಮೂಳೆ ವೈದ್ಯದ ಇತಿಹಾಸಕಾರರು ಈ ಪ್ರಸಂಗವನ್ನು ಎಳೆತ ಚಿಕಿತ್ಸೆಯ ಪುರಾತನ ಉಲ್ಲೇಖಗಳಲ್ಲಿ ಸೇರಿಸುತ್ತಾರೆ. ಗ್ರೀಸಿನ ಹಿಪ್ಪೊಕ್ರೆಟಿಸನೂ ರೋಗಿಯನ್ನು ಹಲಗೆಗೆ ಕಟ್ಟಿ ಎಳೆಯುವ ಕ್ರಮವನ್ನು ವಿವರಿಸಿದ್ದ. 16ನೆಯ ಶತಮಾನದಲ್ಲಿ ಫ್ರಾನ್ಸಿನ ಆಂಬ್ರಾಸ್ ಪರೇ ತೂತುಗಳಿದ್ದ ಕಬ್ಬಿಣದ ಕವಚ ಮಾಡಿಸಿದ. ಅಮೆರಿಕದ ಲೂಯಿಸ್ ಸೇಯರ್ 1870ರ ದಶಕದಲ್ಲಿ ರೋಗಿಯನ್ನು ತೂಗುಹಾಕಿ ಮೈಗೆ ಪ್ಲಾಸ್ಟರ್ ಅಂಗಿ ಹಾಕುತ್ತಿದ್ದ.

1895ರಲ್ಲಿ ಎಕ್ಸ್‌ರೇ ಬಂತು. 1948ರಲ್ಲಿ ಜಾನ್ ಕಾಬ್ ಆ ಚಿತ್ರದ ಮೇಲೆ ಗೆರೆ ಎಳೆದು ಬಾಗನ್ನು ಡಿಗ್ರಿಯಲ್ಲಿ ಅಳೆಯುವ ಕ್ರಮ ರೂಢಿಗೆ ತಂದ. ಅದರಿಂದ ಆದ ಉಪಕಾರ ದೊಡ್ಡದು. ಊರೂರಿನ ವೈದ್ಯರು ಒಂದೇ ಅಳತೆಯಲ್ಲಿ ಮಾತಾಡುವಂತಾಯಿತು. ಆದರೆ ಆಮೇಲಿನ ಅರ್ಧ ಶತಮಾನ ಚಿಕಿತ್ಸೆಯ ಕಣ್ಣೆಲ್ಲ ಆ ಒಂದು ಸಂಖ್ಯೆಯ ಮೇಲೆಯೇ ನೆಟ್ಟಿತು. ಎಕ್ಸ್‌ರೇ ತೆಗೆಯುವಾಗ ಮಗು ಅಲುಗಾಡದೆ ನಿಂತಿರುತ್ತದೆ. ಅದು ನಡೆಯುವುದು ಹೇಗೆ, ಎಷ್ಟು ಬೇಗ ದಣಿಯುತ್ತದೆ ಎಂಬುದನ್ನು ಅಳೆದವರು ಕಡಿಮೆ.

ಇಂದಿನ ಕವಚಗಳ ವಂಶ ಆರಂಭವಾದದ್ದು ಪೋಲಿಯೋದಿಂದ ಬೆನ್ನು ಬಾಗಿದ ಮಕ್ಕಳಿಗಾಗಿ. 1940ರ ದಶಕದಲ್ಲಿ ವಾಲ್ಟರ್ ಬ್ಲೌಂಟ್ ಮತ್ತು ಆಲ್ಬರ್ಟ್ ಶ್ಮಿಟ್ ರೂಪಿಸಿದ ಮಿಲ್ವಾಕಿ ಕವಚಕ್ಕೆ ಗದ್ದದವರೆಗೆ ಲೋಹದ ಪಟ್ಟಿಗಳಿದ್ದವು. 1970ರ ದಶಕದಲ್ಲಿ ಬಂದ ಬಾಸ್ಟನ್ ಕವಚ ಅಂಗಿಯೊಳಗೆ ಮರೆಯಾಗುವ ಪ್ಲಾಸ್ಟಿಕ್ಕಿನದು. ಫ್ರಾನ್ಸಿನ ಜಾಕ್ ಶೆನೋ ಒತ್ತುವ ಜಾಗದ ಎದುರಿಗೆ ಖಾಲಿ ಜಾಗ ಬಿಟ್ಟು, ಉಸಿರು ಆ ಕಡೆ ತುಂಬುವಂತೆ ಮಾಡಿದ.

ಉಸಿರಿನ ಈ ವಿಚಾರವನ್ನು ಮೊದಲು ವ್ಯಾಯಾಮವಾಗಿಸಿದವಳು ಜರ್ಮನಿಯ ಕ್ಯಾಥರಿನಾ ಶ್ರೋತ್ (1894-1985). ಹದಿನಾರರ ವಯಸ್ಸಿನಲ್ಲಿ ಅವಳೇ ಉಕ್ಕಿನ ಕವಚ ತೊಟ್ಟವಳು. ತಗ್ಗು ಬಿದ್ದ ರಬ್ಬರ್ ಚೆಂಡಿಗೆ ಗಾಳಿ ತುಂಬಿದರೆ ತಗ್ಗು ಹೊರಬರುವುದನ್ನು ಗಮನಿಸಿ, ಕನ್ನಡಿಯ ಮುಂದೆ ನಿಂತು ಒಳಗೆ ಕುಸಿದ ಪಕ್ಕೆಲುಬುಗಳ ಕಡೆಗೆ ಉಸಿರೆಳೆಯುವುದನ್ನು ಅಭ್ಯಾಸ ಮಾಡಿದಳು. 1921ರಿಂದ ಮೈಸನ್ ಊರಿನಲ್ಲಿ ಇತರರಿಗೂ ಕಲಿಸಿದಳು. ಮಗಳು ಕ್ರಿಸ್ತಾ ಜೊತೆಗೂಡಿದಳು. ವೈದ್ಯಳಲ್ಲದ ಹೆಂಗಸೊಬ್ಬಳು ತನ್ನ ಮೈಯಿಂದಲೇ ಕಂಡುಕೊಂಡ ಈ ಪದ್ಧತಿ, ನನ್ನ ಮಟ್ಟಿಗೆ, ಈ ಇತಿಹಾಸದ ಅತಿ ದೊಡ್ಡ ತಿರುವು. ಮಗು ತನ್ನ ಬೆನ್ನನ್ನು ತಾನೇ ತಿದ್ದಿಕೊಳ್ಳಬಲ್ಲದು ಎಂಬ ನಂಬಿಕೆ ಅಲ್ಲಿಂದ ಶುರುವಾಯಿತು. 2014ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗವೊಂದರಲ್ಲಿ 110 ಮಕ್ಕಳಿದ್ದರು. ಬಾಗು ಕಡಿಮೆ ಇದ್ದ ಆ ಮಕ್ಕಳಲ್ಲಿ ಸ್ವಯಂ ತಿದ್ದುವಿಕೆಯ ವ್ಯಾಯಾಮ ಮಾಡಿದವರಿಗೆ ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಒಳ್ಳೆಯ ಫಲ ಸಿಕ್ಕಿತು.

ಕವಚದಿಂದ ನಿಜಕ್ಕೂ ಉಪಯೋಗವಿದೆಯೇ ಎಂಬ ಜಗಳ ಬಹುಮಟ್ಟಿಗೆ ಮುಗಿದದ್ದು 2013ರಲ್ಲಿ. ಅಮೆರಿಕ ಮತ್ತು ಕೆನಡಾದ 25 ಕೇಂದ್ರಗಳ ಅಧ್ಯಯನದಲ್ಲಿ ಕವಚ ತೊಟ್ಟವರಲ್ಲಿ ಶೇಕಡಾ 72 ಮಕ್ಕಳ ಬಾಗು ಶಸ್ತ್ರಚಿಕಿತ್ಸೆಯ ಮಟ್ಟವಾದ 50 ಡಿಗ್ರಿಗೆ ಹೋಗದೆ ಉಳಿಯಿತು. ತೊಡದವರಲ್ಲಿ ಶೇಕಡಾ 48. ಎಷ್ಟು ಹೊತ್ತು ತೊಟ್ಟರು ಎಂದು ತಿಳಿಯಲು ಕವಚದೊಳಗೆ ಮೈಯ ಶಾಖ ದಾಖಲಿಸುವ ಪುಟ್ಟ ಸಾಧನ ಇಟ್ಟಿದ್ದರು. ಹೆಚ್ಚು ಗಂಟೆ ತೊಟ್ಟವರಿಗೆ ಹೆಚ್ಚು ಫಲ.

ನಡಿಗೆಯನ್ನು ಸೂಕ್ಷ್ಮವಾಗಿ ಅಳೆದವರಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಫಿಲಿಪ್ ಮಹೋಡೆನ್ಸ್ ಮತ್ತು ಸಂಗಡಿಗರು ಮುಖ್ಯರು. ಚಿಕಿತ್ಸೆ ಪಡೆಯದ ಹುಡುಗಿಯರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದಾಗ, ನೋಡುವವರ ಕಣ್ಣಿಗೆ ಅಷ್ಟಾಗಿ ಬೀಳದ ಬದಲಾವಣೆಗಳು ಸಿಕ್ಕವು. ಹೆಜ್ಜೆ ಸುಮಾರು ಶೇಕಡಾ 7 ಚಿಕ್ಕದಾಗಿತ್ತು. ಭುಜ, ಸೊಂಟಗಳ ಓಲಾಟ ತಗ್ಗಿತ್ತು. ಬೆನ್ನಿನ ಕೆಳಭಾಗದ ಸ್ನಾಯುಗಳು ಎರಡೂ ಬದಿಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಬಿಗಿದೇ ಇದ್ದವು, ಶಕ್ತಿಯ ಖರ್ಚು ಶೇಕಡಾ 30 ಹೆಚ್ಚಿತ್ತು. ಬಾಗು ಸಣ್ಣದಿದ್ದವರಿಗೂ ಈ ಹೊರೆ ತಪ್ಪಿರಲಿಲ್ಲ. ಅದೇ ತಂಡ ಮುಂದೆ ಆರು ತಿಂಗಳು ಕವಚ ತೊಟ್ಟವರನ್ನು ಪರೀಕ್ಷಿಸಿದಾಗ ಕವಚ ಕಳಚಿದ ಮೇಲೆ ಸೊಂಟದ ಚಲನೆ ಸುಧಾರಿಸಿತ್ತು, ಆದರೆ ಶಕ್ತಿಯ ಖರ್ಚು ಇಳಿದಿರಲಿಲ್ಲ. ಕವಚ ಬಾಗನ್ನು ತಡೆಯುತ್ತದೆ. ಬಿಗಿದ ಸ್ನಾಯುವಿಗೆ ಸಡಿಲಾಗುವುದನ್ನು ಅದು ಕಲಿಸಲಾರದು. ವ್ಯಾಯಾಮ ಬೇಕಾಗುವುದು ಇಲ್ಲೇ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನಡಿಗೆ, ಕವಚಗಳ ಈ ವಿಷಯಕ್ಕೆ ಬೇರೆಯೇ ತೂಕವಿದೆ. ಹಳ್ಳಿಯ ಹುಡುಗಿಗೆ ಶಾಲೆಗೂ ಹೊಲಕ್ಕೂ ಬಸ್ ನಿಲ್ಲುವ ಜಾಗಕ್ಕೂ ನಡಿಗೆಯೇ ಗತಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ದಿನಕ್ಕೆ ಹದಿನೆಂಟು ಗಂಟೆ ಪ್ಲಾಸ್ಟಿಕ್ ಕವಚ ತೊಡುವುದು ಸಣ್ಣ ಮಾತಲ್ಲ; ಒಳಗೆ ಹೊಲಿಗೆಯಿಲ್ಲದ ಹತ್ತಿ ಬನಿಯನ್ ಇರಬೇಕು, ಬೆವರಿದೊಡನೆ ಬದಲಿಸಬೇಕು. ಮೈ ಬೆಳೆದಂತೆ ಕವಚ ಬಿಗಿಯಾಗುತ್ತದೆ, ಮತ್ತೆ ಅಳತೆ ಕೊಡಲು ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕು. ಜಿಲ್ಲಾ ಕೇಂದ್ರದಲ್ಲಿ 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನ ಜೊತೆಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಆದರೆ ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲು ಓರೆ ಯಾರದಾದರೂ ಕಣ್ಣಿಗೆ ಬೀಳಬೇಕಲ್ಲ. ಓಢಣಿಯಡಿ ಅದು ಸುಲಭವಾಗಿ ಮರೆಯಾಗುತ್ತದೆ. ಮದುವೆಗೆ ತೊಡಕಾದೀತೆಂಬ ಅಂಜಿಕೆಯಿಂದ ಮನೆಯವರೂ ಮುಚ್ಚಿಡುವುದುಂಟು.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಮಕ್ಕಳ ತಪಾಸಣೆಗೆ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರುತ್ತವೆ. ಅವು ಹುಡುಕುವ ಮೂಲ ಪಟ್ಟಿಯ 30 ತೊಂದರೆಗಳಲ್ಲಿ ಸೊಟ್ಟ ಪಾದದ ಹೆಸರಿದೆ, ಸ್ಕೋಲಿಯೋಸಿಸ್‌ನ ಹೆಸರಿಲ್ಲ. ಇದು ತಿದ್ದಬೇಕಾದ ಕೊರತೆ. 1865ರಲ್ಲಿ ಲಂಡನ್ನಿನ ವಿಲಿಯಂ ಆಡಮ್ಸ್ ತೋರಿಸಿದ, ಓರೆ ಗುರುತಿಸುವ ಪರೀಕ್ಷೆಗೆ ಯಂತ್ರವೇ ಬೇಡ. ಹುಡುಗಿ ಬರಿಗಾಲಲ್ಲಿ ಪಾದ ಜೋಡಿಸಿ, ಮಂಡಿ ಮಡಿಸದೆ, ಎರಡೂ ಅಂಗೈ ಸೇರಿಸಿ ಮುಂದಕ್ಕೆ ಬಾಗುತ್ತಾಳೆ. ಹಿಂದೆ ನಿಂತ ಶಿಕ್ಷಕಿ ಅಥವಾ ಆಶಾ ಕಾರ್ಯಕರ್ತೆ ಬೆನ್ನಿನ ಒಂದು ಬದಿ ಉಬ್ಬಿದೆಯೇ ನೋಡುತ್ತಾಳೆ. ಉಬ್ಬಿದ್ದರೆ ಎಕ್ಸ್‌ರೇ. ಬೆಳವಣಿಗೆ ಬಾಕಿಯಿದ್ದು ಬಾಗು 25ರಿಂದ 40 ಡಿಗ್ರಿಯೊಳಗಿದ್ದರೆ ಕವಚ, ಅದಕ್ಕಿಂತ ಕಡಿಮೆಯಿದ್ದರೆ ವ್ಯಾಯಾಮ ಮತ್ತು ನಿಗಾ. ಎಲುಬು ಬಲಿತ ಮೇಲೆ ಸಾಮಾನ್ಯವಾಗಿ ಕವಚದ ಗಂಟೆಗಳನ್ನು ಮೆಲ್ಲಗೆ ಇಳಿಸುತ್ತ ಬಿಡಿಸುತ್ತಾರೆ. ಇಷ್ಟು ದಿನ ಪ್ಲಾಸ್ಟಿಕ್ ಹಿಡಿದಿದ್ದ ಬೆನ್ನನ್ನು ಆಗ ಸ್ನಾಯುಗಳೇ ಹಿಡಿಯಬೇಕಾಗುವುದರಿಂದ ಆ ತಿಂಗಳುಗಳಲ್ಲಿ ವ್ಯಾಯಾಮ ಬಿಡಬಾರದು.