ಹರಿವಿನ ಸಾಧನಗಳ ಶಕ್ತಿ ಸಮೀಕರಣ: ಇತಿಹಾಸ

ಆವಿ, ಗಾಳಿ ಅಥವಾ ನೀರು ಒಂದು ಕಡೆಯಿಂದ ಎಡೆಬಿಡದೆ ಒಳಬಂದು ಇನ್ನೊಂದು ಕಡೆಯಿಂದ ಹೊರಹೋಗುವ ಯಂತ್ರಭಾಗಗಳೇ ಹರಿವಿನ ಸಾಧನಗಳು. ಟರ್ಬೈನ್, ಪಂಪು, ಕಂಪ್ರೆಸರ್, ನಾಜಲ್, ಕವಾಟ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಹರಿವು ಸ್ಥಿರವಾಗಿದ್ದರೆ ಒಳಬರುವ ಶಕ್ತಿಯೂ ಹೊರಹೋಗುವ ಶಕ್ತಿಯೂ ಸಮ. ಪಠ್ಯಪುಸ್ತಕಗಳು ಇದನ್ನು ಉಷ್ಣಗತಿವಿಜ್ಞಾನದ ಮೊದಲ ನಿಯಮದಿಂದ ಅರ್ಧ ಪುಟದಲ್ಲಿ ಸಾಧಿಸಿ ಮುಗಿಸುತ್ತವೆ. ಇತಿಹಾಸ ಅಷ್ಟು ಸಲೀಸಾಗಿ ನಡೆಯಲಿಲ್ಲ. ನಿಯಮ ಕೈಗೆ ಬಂದ ಮೇಲೂ ಎಂಜಿನಿಯರುಗಳ ಯೋಚನೆ ಸಿಲಿಂಡರಿನಲ್ಲಿ ಮುಚ್ಚಿಟ್ಟ ಆವಿಯ ಸುತ್ತಲೇ ಸುತ್ತುತ್ತಿತ್ತು. ಅದನ್ನು ಅಲ್ಲಿಂದ ಕದಲಿಸಿದ್ದು ಮುಖ್ಯವಾಗಿ ಎರಡು ಸಾಧನಗಳು: ಹತ್ತಿ ತುರುಕಿದ ಒಂದು ಕೊಳವೆ, ಮತ್ತು ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್.

18ನೇ ಶತಮಾನದ ಕೊನೆಯಲ್ಲಿ ಜೇಮ್ಸ್ ವಾಟ್ ಮತ್ತು ಜಾನ್ ಸದರ್ನ್ ರೂಪಿಸಿದ ಇಂಡಿಕೇಟರ್ ಪಿಸ್ಟನ್ ಚಲಿಸಿದಂತೆ ಒತ್ತಡದ ಗೆರೆ ಎಳೆಯುತ್ತಿತ್ತು. ಗೆರೆ ಸುತ್ತುವರಿದ ಕ್ಷೇತ್ರಫಲವೇ ಕೆಲಸ. 1834ರಲ್ಲಿ ಕ್ಲಾಪೇರನ್ ಉಷ್ಣಯಂತ್ರಗಳ ಕುರಿತ ಕಾರ್ನೋನ ವಾದವನ್ನು ಇದೇ ಬಗೆಯ ನಕ್ಷೆಗೆ ಇಳಿಸಿದ. 1850ರಲ್ಲಿ ಕ್ಲಾಸಿಯಸ್ ಮೊದಲ ನಿಯಮವನ್ನು ಬರೆದಾಗಲೂ ಅವನ ಕಣ್ಣೆದುರು ಇದ್ದದ್ದು ನಿಗದಿತ ರಾಶಿಯ ಅನಿಲ. ಡೇನಿಯಲ್ ಬರ್ನೌಲಿ 1738ರಲ್ಲೇ ಹರಿಯುವ ನೀರಿನ ಒತ್ತಡ ಮತ್ತು ವೇಗಗಳ ನಂಟನ್ನು ತೋರಿಸಿರಲಿಲ್ಲವೇ ಎಂದು ಕೇಳಬಹುದು. ತೋರಿಸಿದ್ದ, ಹರಿವಿನಲ್ಲಿ ಒತ್ತಡವೂ ಶಕ್ತಿಯ ಲೆಕ್ಕಕ್ಕೆ ಬರುತ್ತದೆ ಎಂಬ ಸುಳಿವು ಅಲ್ಲಿದೆ. ಆದರೆ ಆ ಲೆಕ್ಕದಲ್ಲಿ ಉಷ್ಣಕ್ಕೆ ಜಾಗವಿಲ್ಲ. ಘರ್ಷಣೆಯಲ್ಲಿ ಕರಗಿದ್ದು ಅದರ ಪಾಲಿಗೆ ಬರಿಯ ನಷ್ಟ, ಆ ನಷ್ಟ ಎಲ್ಲಿಗೆ ಹೋಯಿತೆಂದು ಅದು ಹೇಳಲಾರದು.

1845ರಲ್ಲಿ ಜೇಮ್ಸ್ ಜೂಲ್ ಸುಮಾರು 22 ವಾತಾವರಣ ಒತ್ತಡದ ಗಾಳಿಯನ್ನು ತಾಮ್ರದ ಪಾತ್ರೆಯಿಂದ ಇನ್ನೊಂದು ನಿರ್ವಾತ ಪಾತ್ರೆಗೆ ಬಿಟ್ಟ. ಸುತ್ತಲಿನ ನೀರಿನ ಉಷ್ಣತೆ ಬದಲಾದಂತೆ ಕಾಣಲಿಲ್ಲ. 1852ರಿಂದ ಸುಮಾರು ಹತ್ತು ವರ್ಷ ಅವನು ವಿಲಿಯಂ ಥಾಮ್ಸನ್ ಜೊತೆ ಸೇರಿ ಅನಿಲಗಳನ್ನು ಹತ್ತಿ, ರೇಷ್ಮೆ ತುಂಬಿದ ಕೊಳವೆಯಲ್ಲಿ ಸತತವಾಗಿ ಹಾಯಿಸಿದ. ಒತ್ತಡ ಒಂದು ವಾತಾವರಣದಷ್ಟು ಇಳಿದಾಗ ಗಾಳಿ ಸುಮಾರು ಕಾಲು ಡಿಗ್ರಿ ಸೆಲ್ಸಿಯಸ್ ತಣ್ಣಗಾಯಿತು, ಜಲಜನಕ ತುಸು ಬೆಚ್ಚಗಾಯಿತು. ಮೊದಲ ಪ್ರಯೋಗದ ಉಪಕರಣ ಇಷ್ಟು ಸಣ್ಣ ಬದಲಾವಣೆಯನ್ನು ಹಿಡಿಯುವಷ್ಟು ಸೂಕ್ಷ್ಮವಾಗಿರಲಿಲ್ಲ ಎಂಬುದು ನಿಜ. ಆದರೆ ವ್ಯತ್ಯಾಸ ಅಷ್ಟಕ್ಕೇ ಮುಗಿಯುವುದಿಲ್ಲ. ಕಿಕ್ಕಿರಿದ ಬಸ್ಸಿಗೆ ಹತ್ತುವವರನ್ನು ಹಿಂದಿನವರು ನೂಕುವಂತೆ, ಕೊಳವೆಯಲ್ಲಿ ಪ್ರತಿ ತುಣುಕು ಗಾಳಿಯನ್ನೂ ಹಿಂದಿನ ಗಾಳಿ ಒಳಕ್ಕೆ ನೂಕುತ್ತದೆ. ಹೊರಬರುವಾಗ ಅದೂ ಮುಂದಿನದನ್ನು ನೂಕುತ್ತದೆ. ನೂಕಿದ ಈ ಕೆಲಸದ ಅಳತೆ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ. ವಾತಾವರಣ ಒತ್ತಡದಲ್ಲಿ 100 ಡಿಗ್ರಿಯ ಆವಿಗೆ ಅದು ಕೆಜಿಗೆ ಸುಮಾರು 170 ಕಿಲೋಜೂಲ್, ಕಡೆಗಣಿಸುವಷ್ಟು ಚಿಕ್ಕದಲ್ಲ. ಇದನ್ನು ಆಂತರಿಕ ಶಕ್ತಿಗೆ ಕೂಡಿಸಿದರೆ ಬರುವುದೇ ಎಂಥಾಲ್ಪಿ. ಇದು ಬರಿಯ ಜಮಾಖರ್ಚಿನ ಜಾಣತನ ಎಂಬ ಆಕ್ಷೇಪ ನಿಲ್ಲದು: ಮುಚ್ಚಿದ ಪಾತ್ರೆಗಳ ಪ್ರಯೋಗದಲ್ಲಿ ಬದಲಾಗದೆ ಉಳಿಯುವುದು ಆಂತರಿಕ ಶಕ್ತಿ, ಕೊಳವೆಯಲ್ಲಿ ಉಳಿಯುವುದು ಎಂಥಾಲ್ಪಿ. ಯಾವುದು ಉಳಿಯುತ್ತದೆ ಎಂಬುದರ ಮೇಲೆ ಥರ್ಮಾಮೀಟರ್ ತೋರಿಸುವ ಅಂಕಿಯೇ ಬೇರೆಯಾಗುತ್ತದೆ.

ಕೊಳವೆ ವಿಜ್ಞಾನಿಗಳನ್ನು ಒಪ್ಪಿಸಿದರೆ, 1858ರಲ್ಲಿ ಫ್ರಾನ್ಸಿನ ಆನ್ರಿ ಗಿಫಾರ್ಡ್ ಪೇಟೆಂಟ್ ಪಡೆದ ಇಂಜೆಕ್ಟರ್ ಕಾರ್ಖಾನೆಯವರನ್ನು ಪೇಚಿಗೆ ಸಿಕ್ಕಿಸಿತು. ಪಂಪಿಲ್ಲ, ಪಿಸ್ಟನ್ನಿಲ್ಲ, ಬಾಯ್ಲರಿನದೇ ಆವಿ ನಾಜಲಿನಿಂದ ಚಿಮ್ಮಿ, ತಣ್ಣೀರನ್ನು ಎಳೆದುಕೊಂಡು, ಅದರಲ್ಲೇ ಸಾಂದ್ರೀಕರಿಸಿ, ಅದೇ ಬಾಯ್ಲರಿನೊಳಕ್ಕೆ ನೀರನ್ನು ನುಗ್ಗಿಸುತ್ತದೆ. ಒಂದೇ ಒತ್ತಡ ತನ್ನನ್ನು ತಾನೇ ಸೋಲಿಸಿದಂತೆ ಕಂಡು, ಇದು ನಿತ್ಯಚಲನ ಯಂತ್ರವೇನೋ ಎಂಬ ಅನುಮಾನ ಹುಟ್ಟಿತು. ಲೆಕ್ಕ ಹಾಕಿದರೆ ಅನುಮಾನ ಉಳಿಯದು. 7 ಬಾರ್ ಒತ್ತಡದ ಒಂದು ಕೆಜಿ ಆವಿ ಘರ್ಷಣೆಯಿಲ್ಲದೆ ವಾತಾವರಣದ ಒತ್ತಡಕ್ಕೆ ಹಿಗ್ಗಿದರೆ ಎಂಥಾಲ್ಪಿ ಸುಮಾರು 330 ಕಿಲೋಜೂಲ್ ಇಳಿಯುತ್ತದೆ, ವೇಗ ಸೆಕೆಂಡಿಗೆ 800 ಮೀಟರ್ ದಾಟುತ್ತದೆ. ಅದು 10 ಕೆಜಿ ನೀರನ್ನು ಎಳೆದುಕೊಂಡರೂ, ಆ 11 ಕೆಜಿಯನ್ನು ಬಾಯ್ಲರಿಗೆ ನುಗ್ಗಿಸಲು 7 ಕಿಲೋಜೂಲ್ ಸಾಕು, ಏಕೆಂದರೆ ನೀರಿನ ಗಾತ್ರ ಅದೇ ತೂಕದ ಆವಿಯ ಗಾತ್ರಕ್ಕಿಂತ ನೂರಾರು ಪಟ್ಟು ಕಡಿಮೆ. ನೂರಕ್ಕೆ ಎರಡರಷ್ಟು ದಕ್ಷತೆಯ ಪಂಪು ಇದು ಎಂದು ಮೂಗುಮುರಿಯಬಹುದು. ಆದರೆ ಉಳಿದ ಶಕ್ತಿ ಪೋಲಾಗಿಲ್ಲ: 20 ಡಿಗ್ರಿಯಲ್ಲಿ ಒಳಬಂದ ನೀರು ಸುಮಾರು 78 ಡಿಗ್ರಿಯಾಗಿ ಬಾಯ್ಲರ್ ಸೇರುತ್ತದೆ. ಇಡೀ ಸಾಧನದ ಸುತ್ತ ಗೆರೆ ಎಳೆದು ಲೆಕ್ಕ ಕೂಡಿಸಿದವನಿಗೆ ಮಾತ್ರ ಇದು ಕಾಣುತ್ತದೆ.

ಆವಿ ನೀರಿಗೆ ಕೊಡುವ ಸಂವೇಗದ ಲೆಕ್ಕವೊಂದೇ ಸಾಕಲ್ಲವೇ, ಶಕ್ತಿಯ ಗೊಡವೆ ಏಕೆ? ನೀರು ಒಳಹೋಗುತ್ತದೋ ಇಲ್ಲವೋ ಎಂದು ತಿಳಿಯಲು ಸಾಕು. ಆವಿ ಆ ವೇಗವನ್ನು ಎಲ್ಲಿಂದ ಪಡೆಯಿತು ಎಂದು ಅದು ಹೇಳುವುದಿಲ್ಲ. ಟರ್ಬೈನ್ ಬಂದಾಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ಅಷ್ಟು ವೇಗದ ಆವಿಗೆ ಒಂದೇ ಚಕ್ರ ಒಡ್ಡಿದರೆ ಅದು ಭೀಕರ ವೇಗದಲ್ಲಿ ತಿರುಗಬೇಕು. ಅದಕ್ಕೇ ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ಒತ್ತಡದ ಇಳಿತವನ್ನು ಹಲವು ಹಂತಗಳಿಗೆ ಹಂಚಿದ. ಹಾಗಿದ್ದೂ ಅವನ ಮೊದಲ ಯಂತ್ರ ನಿಮಿಷಕ್ಕೆ 18,000 ಸುತ್ತು ತಿರುಗಿತು. 1904ರಲ್ಲಿ ರಿಚರ್ಡ್ ಮೋಲಿಯರ್ ಎಂಥಾಲ್ಪಿಯನ್ನೇ ಒಂದು ಅಕ್ಷವಾಗಿಸಿ ಆವಿಯ ನಕ್ಷೆ ಬರೆದ ಮೇಲೆ, ಒಂದೊಂದು ಹಂತದ ಪಾಲಿನ ಶಕ್ತಿಯನ್ನು ವಿನ್ಯಾಸಕಾರರು ಅಡಿಪಟ್ಟಿ ಹಿಡಿದು ಅಳೆಯತೊಡಗಿದರು.