ಜಾಂಬೆಜಿ ಕಣಿವೆ: ಅಣೆಕಟ್ಟೆ ಮತ್ತು ವನ್ಯಜೀವಿಗಳು

ಆಫ್ರಿಕದ ನದಿಗಳಲ್ಲಿ ಉದ್ದದಲ್ಲಿ ನಾಲ್ಕನೆಯದಾದ ಜಾಂಬೆಜಿ, ವಿಕ್ಟೋರಿಯಾ ಜಲಪಾತದ ಕೆಳಗೆ ಜಾಂಬಿಯಾ ಮತ್ತು ಜಿಂಬಾಬ್ವೆಗಳ ಗಡಿಯಾಗಿ ಹರಿಯುತ್ತದೆ. ಅಲ್ಲಿನ ಕಣಿವೆಯ ಬದುಕನ್ನು ಬಹುಕಾಲ ನಡೆಸಿದ್ದು ನೆರೆ. ಪ್ರತಿ ವರ್ಷ ದಡ ಮೀರಿ ಹರಡುತ್ತಿದ್ದ ನದಿ ಇಳಿಯುವಾಗ ಮೆಕ್ಕಲು ಮಣ್ಣನ್ನು ಬಿಟ್ಟು ಹೋಗುತ್ತಿತ್ತು. ಆ ಮಣ್ಣಿನಲ್ಲಿ ಟೊಂಗಾ ಜನ ಬೆಳೆ ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಆನೆ, ಕಾಡೆಮ್ಮೆ, ಜಿಂಕೆಗಳ ಹಿಂಡುಗಳು ಮೇವು ನೀರಿಗಾಗಿ ಅಲ್ಲಿಗೇ ಇಳಿದು ಬರುತ್ತಿದ್ದವು.

ಈ ಕ್ರಮವನ್ನು ಮುರಿದದ್ದು ಕರೀಬಾ ಅಣೆಕಟ್ಟೆ. ಬ್ರಿಟಿಷ್ ಆಡಳಿತದ ಕಾಲದಲ್ಲಿ, ಮುಖ್ಯವಾಗಿ ತಾಮ್ರದ ಗಣಿಗಳಿಗೂ ಕೈಗಾರಿಕೆಗಳಿಗೂ ವಿದ್ಯುತ್ ಒದಗಿಸಲು 128 ಮೀಟರ್ ಎತ್ತರದ ಈ ಕಟ್ಟೆಯನ್ನು ಕಟ್ಟಲಾಯಿತು. 1958ರ ಡಿಸೆಂಬರಿನಲ್ಲಿ ನದಿಗೆ ತಡೆ ಬಿದ್ದು, ಸುಮಾರು 280 ಕಿಲೋಮೀಟರ್ ಉದ್ದದ ಜಲಾಶಯ ತುಂಬತೊಡಗಿತು. ಸುಮಾರು 57,000 ಟೊಂಗಾ ಜನ ಹೊಲ, ಮನೆ, ಹಿರಿಯರ ಸಮಾಧಿಗಳನ್ನು ಬಿಟ್ಟು ಒಣಭೂಮಿಗೆ ಹೋಗಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಊರು ಬಿಡಲೊಪ್ಪದ ಗ್ವೆಂಬೆ ಪ್ರದೇಶದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಎಂಟು ಮಂದಿ ಸತ್ತರು.

ನೀರು ಏರಿದಂತೆ ಗುಡ್ಡಗಳು ದ್ವೀಪಗಳಾದವು. ಪ್ರಾಣಿಗಳು ಅವುಗಳ ಮೇಲೆ ಸಿಕ್ಕಿಕೊಂಡು ಹಸಿವಿನಿಂದ ಸಾಯತೊಡಗಿದವು. ಆಗ ರೂಪರ್ಟ್ ಫಾದರ್‌ಗಿಲ್ ನೇತೃತ್ವದಲ್ಲಿ ನಡೆದ ‘ಆಪರೇಷನ್ ನೋವಾ’ ಆರು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ದೋಣಿಗಳಲ್ಲಿ ದಡ ಸೇರಿಸಿತು. ಹಗ್ಗ ಚರ್ಮವನ್ನು ಕೊಯ್ಯುತ್ತಿದ್ದುದರಿಂದ, ಜನ ದಾನವಾಗಿ ಕೊಟ್ಟ ನೈಲಾನ್ ಕಾಲುಚೀಲಗಳನ್ನು ಹೆಣೆದು ಪ್ರಾಣಿಗಳ ಕಾಲು ಕಟ್ಟುತ್ತಿದ್ದರು. ಹೀಗೆ ಪಾರಾದ ಹಲವು ಪ್ರಾಣಿಗಳಿಗೆ ಮಟುಸಡೋನಾ ಕಾಡು ನೆಲೆಯಾಯಿತು. ಮುಳುಗಿದ ನೆಲದ ಅಗಾಧತೆಯ ಮುಂದೆ ಈ ಸಾಹಸ ಚಿಕ್ಕದು. ಆದರೂ ಅದು ವನ್ಯಜೀವಿಗಳ ಸಂಕಟವನ್ನು ಜಗತ್ತಿನ ಕಣ್ಣಿಗೆ ತಂದಿತು.

ಕಟ್ಟೆಯ ಕೆಳಗಿನ ಮಾನಾ ಪೂಲ್ಸ್‌ನಲ್ಲಿ ನದಿಯ ಹಳೆಯ ಪಾತ್ರಗಳು ಕೊಳಗಳಾಗಿ ಉಳಿದಿವೆ. ಅಲ್ಲಿನ ಆಲ್ಬಿಡಾ ಮರಗಳು ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಚಿಗುರುತ್ತವೆ. ಬೇರೆ ಮೇವಿಲ್ಲದ ತಿಂಗಳುಗಳಲ್ಲಿ ಅವುಗಳ ಕಾಯಿ ಆನೆಗಳಿಗೆ ಆಹಾರ. ಜಿಂಬಾಬ್ವೆಯ ಕಡೆಯ ಈ ಉದ್ಯಾನವನ್ನು 1984ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವೆಂದು ಸಾರಿತು. ಅದಕ್ಕೆ ಹಿಂದಿನ ವರ್ಷ ಎದುರು ದಡದಲ್ಲಿ ಜಾಂಬಿಯಾ ಲೋಯರ್ ಜಾಂಬೆಜಿ ಉದ್ಯಾನವನ್ನು ಸ್ಥಾಪಿಸಿತ್ತು. ಇದೇ ದಶಕದಲ್ಲಿ ಮುಪಾಟಾ ಕಮರಿಯಲ್ಲಿ ಇನ್ನೊಂದು ಅಣೆಕಟ್ಟೆ ಕಟ್ಟುವ ಯೋಜನೆಯನ್ನು ಪರಿಸರ ಕಾರ್ಯಕರ್ತರ ವಿರೋಧದಿಂದಾಗಿ ಕೈಬಿಡಲಾಯಿತು. ಆದರೆ ಮೇಲಿನ ಕಟ್ಟೆ ನೆರೆಯನ್ನೂ ಮೆಕ್ಕಲನ್ನೂ ತಡೆದೇ ಇದೆ.

ಪರಂಪರೆಯ ಪಟ್ಟ ಪ್ರಾಣಿಗಳ ಜೀವ ಕಾಯಲಿಲ್ಲ. ಕೊಂಬಿನ ಆಸೆಗೆ ಕಳ್ಳಬೇಟೆಗಾರರು ನದಿ ದಾಟಿ ಬಂದು ಕಪ್ಪು ಘೇಂಡಾಮೃಗಗಳನ್ನು ಕೊಲ್ಲತೊಡಗಿದರು. ‘ಆಪರೇಷನ್ ಸ್ಟ್ರಾಂಗ್‌ಹೋಲ್ಡ್’ ಹೆಸರಿನಲ್ಲಿ ಸಶಸ್ತ್ರ ಕಾವಲು ಬಿಗಿಯಾಯಿತು. ಅನೇಕ ಘೇಂಡಾಮೃಗಗಳನ್ನು ದೂರದ ಸುರಕ್ಷಿತ ಪ್ರದೇಶಗಳಿಗೆ ಸಾಗಿಸಲಾಯಿತು. 1990ರ ದಶಕದ ನಡುವಿನ ಹೊತ್ತಿಗೆ ಕಣಿವೆಯ ಈ ಭಾಗದಲ್ಲಿ ಅವು ಇಲ್ಲವಾದವು. ಮುಂದೆ ದಂತಕ್ಕಾಗಿ ನಡೆದ ಬೇಟೆ ಆನೆಗಳ ಸಂಖ್ಯೆಯನ್ನೂ ತಗ್ಗಿಸಿತು.

ಇಂದಿನ ಆತಂಕಗಳು ಬೇರೆ ಬಗೆಯವು. ಲೋಯರ್ ಜಾಂಬೆಜಿ ಉದ್ಯಾನದೊಳಗೇ ತಾಮ್ರದ ಗಣಿಗೆ 2014ರಲ್ಲಿ ಜಾಂಬಿಯಾ ಸರ್ಕಾರ ಒಪ್ಪಿಗೆ ಕೊಟ್ಟಾಗ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. 2022ರ ಕೊನೆಯಲ್ಲಿ ಬರದಿಂದಾಗಿ ಕರೀಬಾದ ಬಳಸಬಹುದಾದ ನೀರು ಶೇ. 5ಕ್ಕಿಂತ ಕೆಳಗಿಳಿದು ವಿದ್ಯುತ್ ಉತ್ಪಾದನೆ ಕುಸಿಯಿತು. ಕಳ್ಳಬೇಟೆಯನ್ನು ಕಾವಲಿನಿಂದ ತಡೆಯಬಹುದು; ನದಿಯ ಹರಿವನ್ನು ಉಳಿಸಬೇಕಾದರೆ ನೀರು, ಗಣಿ, ವಿದ್ಯುತ್ ಕುರಿತ ತೀರ್ಮಾನಗಳಲ್ಲಿ ಎರಡೂ ದೇಶಗಳು ಕಣಿವೆಯ ಜನರಿಗೂ ಪ್ರಾಣಿಗಳಿಗೂ ಪಾಲು ಕೊಡಲೇಬೇಕು.