ವೇಗನಿಯಂತ್ರಕದಿಂದ ಸ್ಥಿರತೆಯ ಗಣಿತಕ್ಕೆ

ಯಂತ್ರವೊಂದು ತನ್ನ ನಡೆಯನ್ನು ತಾನೇ ಗುರುತಿಸಿ ತಿದ್ದಿಕೊಳ್ಳುವ ಬಗೆಯನ್ನು ಗಣಿತದ ಮೂಲಕ ವಿವರಿಸುವ ನಿಯಂತ್ರಣ ಸಿದ್ಧಾಂತವನ್ನು ಇಂದು ಎಂಜಿನಿಯರಿಂಗ್‌ನ ಶಾಖೆಯಾಗಿ ಕಲಿಸಲಾಗುತ್ತದೆಯಾದರೂ, ಅದರ ಮೂಲ ಪ್ರಶ್ನೆಗಳು ರೂಪುಗೊಂಡದ್ದರಲ್ಲಿ ಭೌತವಿಜ್ಞಾನದ ಪಾತ್ರ ದೊಡ್ಡದು.

ಗಾಳಿಗಿರಣಿಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಗವರ್ನರ್ ಎಂಬ ವೇಗನಿಯಂತ್ರಕವನ್ನು ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದನು. ಯಂತ್ರದ ವೇಗ ಹೆಚ್ಚಿದಂತೆ ತಿರುಗುವ ದಂಡಕ್ಕೆ ತೂಗುಬಿಟ್ಟ ಎರಡು ಲೋಹದ ಗುಂಡುಗಳು ಹೊರಕ್ಕೆ ಚಿಮ್ಮಿ ಮೇಲೇರುತ್ತಿದ್ದವು. ಅವುಗಳಿಗೆ ಜೋಡಿಸಿದ ಸನ್ನೆಯು ಕವಾಟವನ್ನು ಕಿರಿದುಗೊಳಿಸಿ ಉಗಿಯ ಹರಿವನ್ನು ತಗ್ಗಿಸುತ್ತಿತ್ತು. ಆದರೆ ಕೆಲವು ನಿಯಂತ್ರಕಗಳು ವೇಗವನ್ನು ಹದಕ್ಕೆ ತರುವ ಬದಲು ಅದನ್ನು ಒಮ್ಮೆ ಮಿತಿಮೀರಿ ಏರಿಸಿ, ಮರುಗಳಿಗೆಯಲ್ಲೇ ಮಿತಿಮೀರಿ ಇಳಿಸುತ್ತಿದ್ದವು.

ಈ ತೊಡಕನ್ನು ಗಣಿತದಿಂದ ಪರಿಶೀಲಿಸಿದವರಲ್ಲಿ ಮೊದಲಿಗನು ಗ್ರೀನಿಚ್ ವೀಕ್ಷಣಾಲಯದ ಜಾರ್ಜ್ ಏರಿ. ನಕ್ಷತ್ರಗಳ ಚಲನೆಯನ್ನು ಅನುಸರಿಸಿ ದೂರದರ್ಶಕವನ್ನು ಒಂದೇ ವೇಗದಲ್ಲಿ ತಿರುಗಿಸುವ ನಿಯಂತ್ರಕವೇ ಕೆಲವೊಮ್ಮೆ ಹತೋಟಿ ತಪ್ಪುವುದನ್ನು ಅವನು 1840ರ ಪ್ರಬಂಧದಲ್ಲಿ ಚರ್ಚಿಸಿದನು. ವಿದ್ಯುತ್ ರೋಧದ ಮಾನವಾದ ಓಮ್ ಅನ್ನು ನಿರ್ಧರಿಸಲು 1860ರ ದಶಕದಲ್ಲಿ ಲಂಡನ್ನಿನಲ್ಲಿ ನಡೆದ ಪ್ರಯೋಗಗಳಲ್ಲಿಯೂ, ಭೂಮಿಯ ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿಯನ್ನು ಒಂದೇ ವೇಗದಲ್ಲಿ ತಿರುಗಿಸಲು ಗವರ್ನರ್ ಬೇಕಾಯಿತು. ಆ ಪ್ರಯೋಗಗಳಲ್ಲಿ ಪಾಲ್ಗೊಂಡಿದ್ದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರ್‌ಗಳನ್ನು ಕುರಿತ ಪ್ರಬಂಧವನ್ನು ರಾಯಲ್ ಸೊಸೈಟಿಯ ಮೂಲಕ ಪ್ರಕಟಿಸಿದನು.

ಶನಿಯ ಉಂಗುರಗಳು ಚದುರದೆ ಉಳಿಯಬೇಕಾದರೆ ಅವು ಬಿಡಿಬಿಡಿ ಕಣಗಳಿಂದಾಗಿರಬೇಕೆಂದು 1859ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದ್ದ ಮ್ಯಾಕ್ಸ್‌ವೆಲ್‌ನಿಗೆ, ಸಮಚಲನೆಯಲ್ಲಿರುವ ವ್ಯವಸ್ಥೆಯನ್ನು ಕೊಂಚ ಕದಲಿಸಿದರೆ ಆ ಕದಲಿಕೆ ಅಡಗುವುದೋ ಬೆಳೆಯುವುದೋ ಎಂಬ ಪ್ರಶ್ನೆ ಹೊಸದಾಗಿರಲಿಲ್ಲ. ಗವರ್ನರಿನ ಚಲನೆಯನ್ನು ವಿವರಿಸುವ ಸಮೀಕರಣದ ಮೂಲಗಳ ನೈಜ ಭಾಗಗಳೆಲ್ಲ ಋಣಾತ್ಮಕವಾಗಿದ್ದರೆ ಮಾತ್ರ ಕದಲಿಕೆ ಅಡಗುತ್ತದೆ, ಅಂದರೆ ಯಂತ್ರ ಸ್ಥಿರವಾಗಿರುತ್ತದೆ ಎಂದು ಅವನು ನಿರೂಪಿಸಿದನಾದರೂ, ಮೂರನೆಯ ಘಾತದಾಚೆಗಿನ ಸಮೀಕರಣಗಳಿಗೆ ಸಾಮಾನ್ಯ ನಿಯಮವನ್ನು ನೀಡಲಾಗಲಿಲ್ಲ. ಅಂಥ ನಿಯಮವನ್ನು ಕೇಂಬ್ರಿಜ್‌ನ ಎಡ್ವರ್ಡ್ ರೌತ್ 1877ರಲ್ಲಿ ಒದಗಿಸಿದನು. ಅದನ್ನು ತಿಳಿಯದೆಯೇ ಅಡಾಲ್ಫ್ ಹುರ್ವಿಟ್ಸ್ 1895ರಲ್ಲಿ ಬೇರೊಂದು ದಾರಿಯಿಂದ ಅದೇ ಫಲಿತಾಂಶವನ್ನು ತಲುಪಿದನು.

ಹೀಗೆ ಆಕಾಶಕಾಯಗಳ ಸ್ಥಿರತೆಯನ್ನು ತಿಳಿಯಲು ಬಳಸಿದ ವಿಚಾರಕ್ರಮವೇ ಕಾರ್ಖಾನೆಯ ಯಂತ್ರಕ್ಕೂ ಒದಗಿತು. ಇಂದು ಗುರುತ್ವ ತರಂಗಗಳನ್ನು ಅರಸುವ ಲೈಗೊದಲ್ಲಿ 4 ಕಿಲೋಮೀಟರ್ ಅಂತರದ ಕನ್ನಡಿಗಳನ್ನು ನೆಲೆಯಲ್ಲಿ ಹಿಡಿದಿಡುವುದೂ ನಿಯಂತ್ರಣ ವ್ಯವಸ್ಥೆಯೇ ಆಗಿರುವುದರಿಂದ, ಈ ಶಾಸ್ತ್ರವನ್ನು ಭೌತವಿಜ್ಞಾನದ ಹೊರಗಿನ ಕುಶಲವಿದ್ಯೆಯೆಂದು ಬದಿಗಿಡುವುದು ಇತಿಹಾಸಕ್ಕೂ ವರ್ತಮಾನಕ್ಕೂ ಒಪ್ಪುವ ಮಾತಲ್ಲ.